ಜ್ವರದ ಮೊದಲ ಎರಡು ದಿನ

ಹೈದರಾಬಾದ್ ಸಿಕಂದರಾಬಾದಿನ ಬೋನಾಲು ಹಬ್ಬ ಹುಟ್ಟಿದ್ದೇ ಒಂದು ಸಾಂಕ್ರಾಮಿಕದ ಭಯದಲ್ಲಿ. 1813ರ ಸುಮಾರಿಗೆ ಈ ಅವಳಿ ನಗರಗಳಲ್ಲಿ ರೋಗ ಹಬ್ಬಿ ಜನ ಸಾಯುತ್ತಿದ್ದರಂತೆ. ಅದು ಪ್ಲೇಗ್ ಎಂದು ಕೆಲವರು, ಕಾಲರಾ ಎಂದು ಕೆಲವರು ಹೇಳುತ್ತಾರೆ. ಇಲ್ಲಿಂದ ಉಜ್ಜಯಿನಿಗೆ ಹೋಗಿದ್ದ ಸೇನಾ ತುಕಡಿಯ ಸುರಟಿ ಅಪ್ಪಯ್ಯ ಎಂಬಾತ, ತನ್ನ ಊರಿನ ಬೇನೆ ನಿಂತರೆ ನಿನ್ನನ್ನು ಅಲ್ಲಿ ಪ್ರತಿಷ್ಠಾಪಿಸುತ್ತೇನೆಂದು ಮಹಾಕಾಳಿಗೆ ಹರಕೆ ಹೊತ್ತ. ಬೇನೆ ನಿಂತಿತು. 1815ರಲ್ಲಿ ಸಿಕಂದರಾಬಾದಿನಲ್ಲಿ ದೇವಿಯ ಪ್ರತಿಷ್ಠೆಯಾಯಿತು ಎಂಬುದು ಉಜ್ಜಯಿನಿ ಮಹಾಂಕಾಳಿ ಗುಡಿಯ ಪರಂಪರೆಯ ಕಥೆ. ಅಂದಿನಿಂದ ಪ್ರತಿ ಆಷಾಢದಲ್ಲಿ ಹೆಂಗಸರು ಹೊಸ ಮಡಕೆಗೆ ಅರಿಶಿನ ಬಳಿದು, ಅದರಲ್ಲಿ ಅನ್ನ, ಹಾಲು, ಬೆಲ್ಲ ತುಂಬಿ, ಬೇವಿನ ಸೊಪ್ಪು ಸುತ್ತಿ, ಮೇಲೆ ದೀಪವಿಟ್ಟು ತಲೆಯ ಮೇಲೆ ಹೊತ್ತು ಹೋಗುತ್ತಾರೆ. ಗೋಲ್ಕೊಂಡದಲ್ಲಿ ಆರಂಭವಾಗಿ ಸಿಕಂದರಾಬಾದ್, ಲಾಲ್ ದರ್ವಾಜಾ ಎಂದು ವಾರದಿಂದ ವಾರಕ್ಕೆ ಹಬ್ಬ ಊರೆಲ್ಲ ಸುತ್ತುತ್ತದೆ. ಜೀಡಿಮೆಟ್ಲಾ, ಶಾಪುರ್ ನಗರ, ಗಾಜುಲರಾಮಾರಂ, ಚಿಂತಲ್ ಕಡೆಯ ಬಸ್ತಿಗಳಲ್ಲೂ ಪೋಚಮ್ಮ, ಮೈಸಮ್ಮರ ಗುಡಿಗಳ ಮುಂದೆ ಆ ತಿಂಗಳು ತಮಟೆ ನಿಲ್ಲುವುದಿಲ್ಲ.

2020ರ ಆಷಾಢದಲ್ಲಿ ಮಾತ್ರ ಬೋನಗಳು ಬೀದಿಗೆ ಇಳಿಯಲಿಲ್ಲ. ಮನೆಯಲ್ಲೇ ಪೂಜೆ ಮಾಡಿಕೊಳ್ಳಿ ಎಂದು ತೆಲಂಗಾಣ ಸರ್ಕಾರ ಕೇಳಿಕೊಂಡಿತು; ಗುಡಿಗಳಲ್ಲಿ ಅರ್ಚಕರು ಕೆಲವೇ ಜನರೊಂದಿಗೆ ವಿಧಿ ಮುಗಿಸಿದರು. ರೋಗದಿಂದ ಕಾಪಾಡಿದಳೆಂದು ಯಾರ ಹಬ್ಬವನ್ನು ಆರಂಭಿಸಿದ್ದರೋ, ಅವಳ ಗುಡಿಗೆ ರೋಗದ ಕಾರಣಕ್ಕೇ ಹೋಗಬಾರದೆಂಬ ಮಾತು ಬಹಳ ಜನರಿಗೆ ನುಂಗಲಾರದ ತುತ್ತಾಯಿತು. ಆದರೆ ನನಗೆ ಆ ವರ್ಷದ ಬೋನಾಲು ಹರಕೆಯ ಮೂಲಕ್ಕೆ ಉಳಿದೆಲ್ಲ ವರ್ಷಗಳಿಗಿಂತ ಹತ್ತಿರವಾಗಿತ್ತು ಎನ್ನಿಸುತ್ತದೆ. ಊರಿನ ಜೀವ ಉಳಿಯಲಿ ಎಂಬುದೇ ಅಪ್ಪಯ್ಯನ ಪ್ರಾರ್ಥನೆ. ಆ ವರ್ಷ ಬಾಗಿಲೊಳಗೆ ನಿಂತು ಮಡಕೆಗೆ ಅರಿಶಿನ ಹಚ್ಚಿದ ಪ್ರತಿಯೊಬ್ಬ ಹೆಂಗಸೂ ಅದೇ ಪ್ರಾರ್ಥನೆಯನ್ನು ಕೈಯಾರೆ ನಡೆಸಿಕೊಟ್ಟಳು.

ಆ ವರ್ಷ ಹಬ್ಬಗಳೆಲ್ಲ ಒಂದೊಂದಾಗಿ ಮೈ ಮುದುಡಿಕೊಂಡವು. ದೇಶಕ್ಕೆಲ್ಲ ಲಾಕ್‌ಡೌನ್ ಜಾರಿಯಾದ ಮೊದಲ ದಿನ, ಮಾರ್ಚ್ 25, ಯುಗಾದಿಯಾಗಿತ್ತು. ಅದಕ್ಕೆ ಹದಿನೈದು ದಿನ ಮುಂಚೆ, ಕೊರೊನಾದಿಂದ ದೇಶದಲ್ಲಿ ಮೊದಲು ಸತ್ತವರೆಂದು ದಾಖಲಾದ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡಿದ್ದರು. ಅವರನ್ನು ಚಿಕಿತ್ಸೆಗೆಂದು ಕರೆತಂದದ್ದು ಇದೇ ಹೈದರಾಬಾದಿಗೆ. ಪ್ರಾಣ ಹೋದದ್ದು ಊರಿಗೆ ಮರಳುವ ಹಾದಿಯಲ್ಲಿ. ತೆಲಂಗಾಣದ ಮೊದಲ ರೋಗಿ ದುಬೈಯಿಂದ ಬೆಂಗಳೂರಿಗೆ ಬಂದಿಳಿದು, ಅಲ್ಲಿಂದ ಬಸ್ಸು ಹತ್ತಿ ಹೈದರಾಬಾದಿಗೆ ಬಂದಿದ್ದ ಯುವಕ. 2009ರ ಮೇ ತಿಂಗಳಲ್ಲಿ ಹಂದಿಜ್ವರ ಬಂದಾಗಲೂ ದೇಶದ ಮೊದಲ ರೋಗಿ ಪತ್ತೆಯಾದದ್ದು ಅಮೆರಿಕದಿಂದ ಹೈದರಾಬಾದಿಗೆ ಬಂದಿಳಿದ ಪ್ರಯಾಣಿಕನಲ್ಲಿ. ಕಲಬುರಗಿ, ಬೀದರ್, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ರಾಜ್ಯ ಒಡೆದರೂ ಹಾದಿ ಒಡೆಯಲಿಲ್ಲ. ದವಾಖಾನೆಗೆ, ಕೂಲಿಗೆ, ಓದಿಗೆ, ವ್ಯಾಪಾರಕ್ಕೆ ಆ ಕಡೆಯ ಕನ್ನಡಿಗರು ಇಂದಿಗೂ ಮೊದಲು ನೋಡುವುದು ಈ ಊರಿನ ಕಡೆಗೆ. ಜನ ನಡೆದಾಡುವ ಹಾದಿಯೇ ವೈರಾಣುವಿನ ಹಾದಿ. ಹಬ್ಬದ ದಿನಗಳಲ್ಲಿ ಆ ಹಾದಿ ಅತ್ಯಂತ ತುಂಬಿರುತ್ತದೆ.

ಖೈರತಾಬಾದಿನ ಗಣಪತಿಯನ್ನು ನೋಡಿದವರಿಗೆ ಅವನ ಎತ್ತರ ಗೊತ್ತು. 2019ರಲ್ಲಿ 61 ಅಡಿ ಇದ್ದವನು 2020ರಲ್ಲಿ 9 ಅಡಿಯ ಮಣ್ಣಿನ ಧನ್ವಂತರಿ ಗಣಪತಿಯಾಗಿ ಕುಳಿತ. ಮೈಸೂರಿನಲ್ಲಿ ಆ ಸಲದ ದಸರಾ ಉದ್ಘಾಟಿಸಿದ್ದು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್, ಜಂಬೂಸವಾರಿ ಅರಮನೆಯ ಆವರಣ ದಾಟಲಿಲ್ಲ. ಆಳಂದಿ, ದೇಹುಗಳಿಂದ ಪಂಢರಪುರಕ್ಕೆ ಲಕ್ಷಾಂತರ ಜನ ನಡೆದು ಹೋಗುವ ವಾರಿ ನಡೆಯದೆ, ಜ್ಞಾನೇಶ್ವರ ತುಕಾರಾಮರ ಪಾದುಕೆಗಳು ಸಾರಿಗೆ ಬಸ್ಸಿನಲ್ಲಿ ಕುಳಿತು ವಿಠಲನ ಊರು ಸೇರಿದವು. ಹಜ್ ಯಾತ್ರೆ ಸೌದಿ ಅರೇಬಿಯಾದ ಒಳಗೇ ಇದ್ದ ಸುಮಾರು ಸಾವಿರ ಜನರಿಗೆ ಸೀಮಿತವಾಯಿತು. ಪಿಡುಗು ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಪಿಡುಗು ಬಂದರೆ ಅಲ್ಲಿಂದ ಹೊರಡಬೇಡಿ ಎಂಬ ಪ್ರವಾದಿಯವರ ಬೋಧನೆಯನ್ನು ಆ ದಿನಗಳಲ್ಲಿ ಮಸೀದಿಗಳವರು ಮತ್ತೆ ಮತ್ತೆ ನೆನಪಿಸಿದರು. ಎಲ್ಲ ಧರ್ಮಗಳ ದೇವರೂ ಆ ವರ್ಷ ಭಕ್ತರಿಗಾಗಿ ಒಂದಿಷ್ಟು ಬಿಟ್ಟುಕೊಟ್ಟರು. ಹಬ್ಬದ ಹೆಸರಿನಲ್ಲಿ ಏನನ್ನೂ ಬಿಡಲು ಒಪ್ಪದವರು ಮನುಷ್ಯರು ಮಾತ್ರ.

ಇವೆಲ್ಲ ದೊಡ್ಡ ಹಬ್ಬಗಳ, ದೊಡ್ಡ ನಿರ್ಧಾರಗಳ ಮಾತಾಯಿತು. ಸರ್ಕಾರ ಹೇಳಿತು, ಪೊಲೀಸರು ನಿಂತರು, ಜನ ಕೇಳಿದರು. ನನ್ನನ್ನು ಹೆಚ್ಚು ಕಾಡುವುದು ಯಾವ ಆದೇಶವೂ ಇಲ್ಲದ ಮಾಮೂಲಿ ವರ್ಷಗಳು. ಮಹಾಮಾರಿ ಎಂದು ಯಾರೂ ಸಾರಿಲ್ಲ, ಟಿವಿಯಲ್ಲಿ ಅಂಕಿಗಳಿಲ್ಲ. ಆದರೂ ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ ಕೆಮ್ಮು ಜ್ವರ ಮನೆಯಿಂದ ಮನೆಗೆ ಹಾಯುತ್ತಲೇ ಇರುತ್ತವೆ. ಇನ್‌ಫ್ಲುಯೆಂಜಾ ಪ್ರತಿ ಚಳಿಗೂ ಬರುತ್ತದೆ, ಕೊರೊನಾ ರೂಪ ಬದಲಿಸಿಕೊಂಡು ಆಗಾಗ ಇಣುಕುತ್ತದೆ. 2015ರ ಜನವರಿಯಲ್ಲಿ ಇದೇ ಹೈದರಾಬಾದು ಹಂದಿಜ್ವರದಿಂದ ತತ್ತರಿಸಿತ್ತು. ಆರೋಗ್ಯವಂತ ಯುವಕನಿಗೆ ಮೂರು ದಿನದ ಮೈಕೈ ನೋವಾಗಿ ಹೋಗುವ ವೈರಾಣು, ಅವನ ಮನೆಯ ಎಪ್ಪತ್ತರ ಅಜ್ಜನಿಗೆ ನ್ಯುಮೋನಿಯಾ ಆಗಬಹುದು; ತುಂಬು ಬಸುರಿ ತಂಗಿಯನ್ನು ಐಸಿಯುಗೆ ತಳ್ಳಬಹುದು. ಆಗ ತಡೆಯುವ ಪೊಲೀಸನಿಲ್ಲ. ಹೋಗಬೇಕೋ ಬೇಡವೋ ಎಂಬುದನ್ನು ಒಬ್ಬ ಮನುಷ್ಯ ತನ್ನ ಕೋಣೆಯಲ್ಲಿ ಕುಳಿತು, ತನ್ನ ಹಣೆ ತಾನೇ ಮುಟ್ಟಿಕೊಂಡು ತೀರ್ಮಾನಿಸಬೇಕು.

ಜೀಡಿಮೆಟ್ಲಾದ ಕೈಗಾರಿಕಾ ವಸಾಹತಿನಲ್ಲಿ ಆ ಕೋಣೆಗಳು ಎಂಥವು ಎಂದು ಸುತ್ತಾಡಿದವರಿಗೆ ಗೊತ್ತು. ಔಷಧದ ಮೂಲದ್ರವ್ಯ ತಯಾರಿಸುವ ಘಟಕಗಳು, ಪ್ಲಾಸ್ಟಿಕ್, ಎರಕ, ಯಂತ್ರದ ಬಿಡಿಭಾಗ, ಪ್ಯಾಕಿಂಗ್; ರಸ್ತೆಯಲ್ಲಿ ಟ್ಯಾಂಕರುಗಳ ಸಾಲು, ಗಾಳಿಯಲ್ಲಿ ದ್ರಾವಕಗಳ ಘಾಟು. ಪಕ್ಕದ ಬಾಲಾನಗರದಲ್ಲಿ ಸೋವಿಯತ್ ನೆರವಿನಿಂದ ಐಡಿಪಿಎಲ್ ಔಷಧ ಕಾರ್ಖಾನೆ ಬಂದ ಮೇಲೆ, ಅಲ್ಲಿ ಕೆಲಸ ಕಲಿತ ಎಷ್ಟೋ ರಸಾಯನತಜ್ಞರು ಸುತ್ತಮುತ್ತ ಸ್ವಂತ ಘಟಕ ಹಾಕಿದರು. ಹೈದರಾಬಾದು ದೇಶದ ಔಷಧ ರಾಜಧಾನಿಯಾದದ್ದು ಹಾಗೆ. ಈ ಘಟಕಗಳಲ್ಲಿ ದುಡಿಯುವವರು ಒಡಿಶಾ, ಬಿಹಾರ, ಉತ್ತರ ಪ್ರದೇಶ, ತೆಲಂಗಾಣದ ಹಳ್ಳಿಗಳಿಂದ ಬಂದವರು. ನಮ್ಮ ಬೀದರ್, ಕಲಬುರಗಿ, ಯಾದಗಿರಿಯ ಕಡೆಯವರೂ ಅವರ ನಡುವೆ ಇದ್ದಾರೆ. ಒಂದು ಕೋಣೆಗೆ ನಾಲ್ಕೈದು ಜನ. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಬಂದು ಮಲಗುತ್ತಾನೆ. ಇರುವುದು ಒಂದು ಕಿಟಕಿ, ಅದೂ ಸೊಳ್ಳೆಯ ಭಯಕ್ಕೆ ಮುಚ್ಚಿದ್ದು. ಇಲ್ಲಿ ಒಬ್ಬನಿಗೆ ಜ್ವರ ಬಂದರೆ ಪ್ರತ್ಯೇಕವಾಗಿ ಮಲಗು ಎಂದು ಹೇಳುವುದಕ್ಕೆ ಜಾಗವೇ ಇಲ್ಲ. ಊರಿಗೆ ಹೋಗುವುದೇ ಅವನಿಗೆ ಆರೈಕೆ.

ಅದರಲ್ಲೂ ಎಳ್ಳ ಅಮಾವಾಸ್ಯೆ ಬಂತೆಂದರೆ ಬೀದರ್ ಕಲಬುರಗಿಯ ಮನುಷ್ಯ ಈ ಊರಿನಲ್ಲಿ ನಿಲ್ಲಲಾರ. ಸಂಗಾರೆಡ್ಡಿ, ಜಹೀರಾಬಾದ್ ದಾಟಿ ಹೋಗುವ ಬಸ್ಸುಗಳು ಅಂದು ಬಾಗಿಲಲ್ಲಿ ಜೋತು ಬಿದ್ದವರಿಂದ ತುಂಬಿರುತ್ತವೆ. ಊರಿನಲ್ಲಿ ಜೋಳದ ತೆನೆ ಹಾಲುಗಟ್ಟಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ. ಮನೆಯ ಹೆಂಗಸರು ಹಿಂದಿನ ದಿನದಿಂದಲೇ ಸಜ್ಜೆ ರೊಟ್ಟಿ ಬಡಿದು, ಎಳ್ಳು ಶೇಂಗಾದ ಹೋಳಿಗೆ ಮಾಡಿ, ಬಗೆಬಗೆಯ ಕಾಳು ಸೊಪ್ಪು ಸೇರಿಸಿ ಭಜ್ಜಿ ಕುದಿಸಿ, ಅಂಬಲಿಯ ಗಡಿಗೆ ಹೊರುವ ತಯಾರಿ ಮಾಡಿರುತ್ತಾರೆ. ಹೊಲದಲ್ಲಿ ದಂಟಿನ ಕೊಂಪೆ ಹಾಕಿ, ಪಾಂಡವರೆಂದು ಕಲ್ಲುಗಳನ್ನಿಟ್ಟು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ನೆಲದ ಮೇಲೆ ಸಾಲಾಗಿ ಕುಳಿತು ಉಂಡೇಳಬೇಕು. ಇದನ್ನು ಬಿಡು ಎಂದು ಯಾರಿಗೆ ಹೇಳುವುದು? ವರ್ಷವಿಡೀ ರಾಸಾಯನಿಕದ ಡ್ರಮ್ ಉರುಳಿಸಿದವನಿಗೆ ಅದೊಂದು ದಿನವೇ ತಾನು ಯಾರು ಎಂದು ನೆನಪಾಗುವುದು.

ಅಂಥವನ ಮೈ ಹಿಂದಿನ ರಾತ್ರಿ ಕಾದರೆ ಏನು ಮಾಡುತ್ತಾನೆ? ಫೋನಿನಲ್ಲಿ ನಡೆಯುವ ಮಾತು ಬಹುಪಾಲು ಮನೆಗಳಲ್ಲಿ ಹೀಗೇ ಇರುತ್ತದೆ.

“ಯವ್ವಾ, ಮೈ ಬೆಚ್ಚಗಾಗ್ಯದ. ಈ ಸಲ ಬರೋದು ಆಗಲ್ಲ ಅನಸ್ತದ.”

“ಅಷ್ಟಕ್ಕೇ ಯಾರ್ ಹಬ್ಬ ಬಿಡ್ತಾರೋ ಯಪ್ಪಾ? ಒಂದು ಗುಳಿಗಿ ತಗೊಂಡು ಬಸ್ ಹತ್ತು. ನಿಮ್ಮಪ್ಪನ ಕೈಲಿ ಚರಗ ಚೆಲ್ಲಾಕ ಆಗ್ತದೇನು?”

ಆ ತಾಯಿಯ ಮಾತಿನಲ್ಲಿ ಪ್ರೀತಿಯೇ ಇದೆ. ಅಪಾಯವೂ ಅದರೊಳಗೇ ಇದೆ. ಪ್ಯಾರಾಸಿಟಮಾಲ್ ಮೈಯ ಬಿಸಿ ಇಳಿಸುತ್ತದೆ, ನೋವು ತಗ್ಗಿಸುತ್ತದೆ. ವೈರಾಣುವನ್ನು ಅದು ಮುಟ್ಟುವುದೂ ಇಲ್ಲ. ಗುಳಿಗೆ ನುಂಗಿದ ಅರ್ಧ ಗಂಟೆಗೆ ಬೆವರಿ, ಹಗುರಾಗಿ, ವಾಸಿಯಾಯಿತೆಂದು ನಂಬಿ ಬಸ್ಸು ಹತ್ತುವವನು ಉಸಿರಿನಲ್ಲಿ ಮೊದಲಿನಷ್ಟೇ ವೈರಾಣು ಹೊರಗೆ ಬಿಡುತ್ತಿರುತ್ತಾನೆ. ಇನ್ನು ಕೆಲವರು ಮೆಡಿಕಲ್ ಅಂಗಡಿಯಲ್ಲಿ ಅಜಿತ್ರೊಮೈಸಿನ್ ಮೂರು ಗುಳಿಗೆ ಕೇಳಿ ಪಡೆಯುತ್ತಾರೆ. ಅದು ಬ್ಯಾಕ್ಟೀರಿಯಾಕ್ಕೆ ಹೊಡೆಯುವ ಮದ್ದು. ವೈರಾಣುವಿಗೆ ಅದರಿಂದ ಏನೂ ಆಗುವುದಿಲ್ಲ. ಬದಲಿಗೆ ನಾಳೆ ನಿಜವಾಗಿ ಬೇಕಾದಾಗ ಆ ಮದ್ದು ಕೈಕೊಡುತ್ತದೆ. ಜ್ವರದ ಗುಳಿಗೆಯ ಮೂಲದ್ರವ್ಯ ಹೈದರಾಬಾದಿನ ಸುತ್ತಲಿನ ಘಟಕಗಳಲ್ಲೇ ತಯಾರಾಗಿ ಲೋಕಕ್ಕೆಲ್ಲ ಹೋಗುತ್ತದೆ. 2020ರ ಮಾರ್ಚ್ 3ರಂದು ಪ್ಯಾರಾಸಿಟಮಾಲ್‌ನ ರಫ್ತಿಗೆ ದೇಶ ಕಡಿವಾಣ ಹಾಕಬೇಕಾಗಿ ಬಂತು, ಅಷ್ಟರಮಟ್ಟಿಗೆ ಜಗತ್ತು ಅದಕ್ಕೆ ನಮ್ಮನ್ನು ನಂಬಿದೆ. ಅದನ್ನು ತಯಾರಿಸುವ ಸೀಮೆಯ ಕೂಲಿಕಾರನಿಗೇ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಯಾರೂ ಕೂರಿಸಿ ಹೇಳಿಲ್ಲ.

ಇನ್‌ಫ್ಲುಯೆಂಜಾ ಹಿಡಿದವನು ಲಕ್ಷಣ ಕಾಣಿಸುವ ಒಂದು ದಿನ ಮುಂಚಿನಿಂದಲೇ ಹಬ್ಬಿಸಬಲ್ಲ. ಅತಿ ಹೆಚ್ಚು ಹಬ್ಬಿಸುವುದು ಕಾಯಿಲೆಯ ಮೊದಲ ಮೂರು ದಿನ. ಐದರಿಂದ ಏಳು ದಿನಕ್ಕೆ ಸಾಮಾನ್ಯವಾಗಿ ಅದು ಇಳಿಯುತ್ತದೆ. ಕೊರೊನಾದಲ್ಲಿ ಲಕ್ಷಣಕ್ಕೆ ಎರಡು ದಿನ ಮೊದಲೇ ಆರಂಭವಾಗುವುದುಂಟು. ಗುಳಿಗೆ ನುಂಗದೆಯೇ 24 ಗಂಟೆ ಜ್ವರ ಬರದಿದ್ದರೆ, ಕೆಮ್ಮೂ ಇಳಿಮುಖವಾಗಿದ್ದರೆ, ಆಗ ಮನೆಯಿಂದ ಹೊರಬೀಳಬಹುದು. ಮುಂದಿನ ಐದು ದಿನವೂ ಮಾಸ್ಕ್ ಬಿಡಬಾರದು. ಇದರಲ್ಲಿ ಕಠಿಣವಾದ ವಿಜ್ಞಾನ ಏನೂ ಇಲ್ಲ. ಆದರೆ ಹಬ್ಬ ಬಿದ್ದದ್ದು ಆ ಮೊದಲ ಮೂರು ದಿನದೊಳಗೇ ಆದರೆ, ಇಡೀ ತಿಳಿವಳಿಕೆ ಒಂದು ಬಸ್ ಟಿಕೆಟ್ಟಿನ ಎದುರು ಸೋಲುತ್ತದೆ.

ಅಪಾಯ ಇರುವ ಜಾಗ ಯಾವುದು ಎಂದು ಸರಿಯಾಗಿ ನೋಡಿದರೆ ಹಬ್ಬವನ್ನೇ ಬಿಡಬೇಕಾದ ಸಂದರ್ಭ ಕಡಿಮೆ ಎಂದೂ ತಿಳಿಯುತ್ತದೆ. ಹೊಲದಲ್ಲಿ ಬಯಲು ಗಾಳಿಯಲ್ಲಿ ಕೂತು ಉಣ್ಣುವುದರಿಂದ ಹರಡುವುದು ಬಹಳ ಕಡಿಮೆ. ನಮ್ಮ ಹಿರಿಯರು ಆ ಊಟವನ್ನು ಹೊರಗಿಟ್ಟದ್ದು ಎಷ್ಟು ಒಳ್ಳೆಯದಾಯಿತು. ಹರಡುವುದು ಗಾಜು ಏರಿಸಿದ ಬಸ್ಸಿನಲ್ಲಿ, ಹಿಂದಿನ ರಾತ್ರಿ ಪಡಸಾಲೆಯಲ್ಲಿ ಹತ್ತು ಜನ ಸಾಲಾಗಿ ಕೌದಿ ಹೊದ್ದು ಮಲಗಿ ಚಳಿಗೆ ಬಾಗಿಲು ಕಿಟಕಿ ಜಡಿದಾಗ, ಊರಿಂದ ಬಂದ ಸಂತೋಷಕ್ಕೆ ಎಳೆಗೂಸನ್ನು ಮುದ್ದಿಸಿದಾಗ. ಹಾಗಾಗಿ ನೆಗಡಿ ಕೆಮ್ಮು ಸ್ವಲ್ಪವೇ ಇದ್ದರೂ ಬಸ್ಸಿನಲ್ಲಿ ಎನ್-95 ಮಾಸ್ಕ್ ಹಾಕಿ ಕಿಟಕಿ ತೆರೆದಿಡುವುದು, ರಾತ್ರಿ ಕಟ್ಟೆಯ ಮೇಲೋ ಬೇರೆ ಕೋಣೆಯಲ್ಲೋ ಮಲಗುವುದು, ಮುದುಕರ ತಟ್ಟೆ ಟವಲು ಮುಟ್ಟದಿರುವುದು, ಕೈಗೂಸನ್ನು ದೂರದಿಂದಲೇ ಮಾತಾಡಿಸುವುದು ದೊಡ್ಡ ತ್ಯಾಗವೇನಲ್ಲ. ಜ್ವರವೇ ಇದ್ದರೆ ಹೊರಡಬಾರದು, ಅಷ್ಟೇ. ಮನೆಯ ಹಿರಿಯರಿಗೆ ಚಳಿಗಾಲಕ್ಕೆ ಮುನ್ನ ಫ್ಲೂ ಲಸಿಕೆ ಹಾಕಿಸಿದ್ದರೆ ಇನ್ನೂ ಒಳ್ಳೆಯದು. ಉಸಿರಿಗೆ ಕಷ್ಟವಾದರೆ, ಮಾತು ತೊದಲಿ ಗಲಿಬಿಲಿಗೊಂಡರೆ, ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ 94ಕ್ಕಿಂತ ಕೆಳಗೆ ತೋರಿಸಿದರೆ ಹಬ್ಬದ ಮರುದಿನಕ್ಕೆ ಕಾಯದೆ ದವಾಖಾನೆಗೆ ಒಯ್ಯಬೇಕು.

ದೂರವಿರುವುದು ನಮಗೆ ಹೊಸದೇ? ಸಿಡುಬು ಇದ್ದ ಕಾಲದಲ್ಲಿ, ಆಮೇಲೆ ಸೀತಾಳೆ ಸಿಡುಬಿನಲ್ಲೂ, ಕನ್ನಡದ ಮನೆಗಳು ಅಮ್ಮ ಬಂದಿದ್ದಾಳೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದವು. ಆ ಸೊಪ್ಪು ಕಂಡ ಕೂಡಲೇ ನೆಂಟರು ಹೊಸ್ತಿಲಿಂದ ಹಿಂದಿರುಗುತ್ತಿದ್ದರು. ಮನೆಯವರು ಮದುವೆ ಮುಂಜಿಗಳಿಗೆ ಹೋಗುತ್ತಿರಲಿಲ್ಲ. ಒಗ್ಗರಣೆಯ ಘಾಟು ಏಳುತ್ತಿರಲಿಲ್ಲ. ಮಗುವನ್ನು ಬೇವಿನ ಎಲೆಯ ಮೇಲೆ ಮಲಗಿಸಿ, ಒಬ್ಬರೇ ನೋಡಿಕೊಂಡು, ಕೊನೆಗೆ ಬೇವು ಅರಿಶಿನದ ನೀರು ಹಾಕಿದ ಮೇಲಷ್ಟೇ ಬಾಗಿಲು ತೆರೆಯುತ್ತಿದ್ದರು. ಬೇವು ರೋಗ ವಾಸಿಮಾಡಿತೆಂದು ನಾನು ಹೇಳಲಾರೆ. ಸಿಡುಬನ್ನು ಲೋಕದಿಂದ ಅಳಿಸಿದ್ದು ಲಸಿಕೆ. ಭಾರತದಲ್ಲಿ 1975ರ ಮೇ ತಿಂಗಳಲ್ಲಿ ಕೊನೆಯ ರೋಗಿ ಕಂಡರು, 1980ರಲ್ಲಿ ಜಗತ್ತೇ ಮುಕ್ತವಾಯಿತೆಂದು ಘೋಷಣೆಯಾಯಿತು. ಆದರೆ ಆ ಸೊಪ್ಪು ಬಾಗಿಲಲ್ಲಿ ನಿಂತು ಮಾಡಿದ ಕೆಲಸ ನಿಜ. ಪ್ಲೇಗ್ ಬಂದ ಹಳ್ಳಿಗಳಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನೂ ನಮ್ಮ ಅಜ್ಜಂದಿರು ಹೇಳಿದ್ದಾರೆ. 1898ರಲ್ಲಿ ಪ್ಲೇಗ್ ಹೊಕ್ಕ ಮೇಲೆಯೇ ಬೆಂಗಳೂರು ಇಕ್ಕಟ್ಟಿನ ಪೇಟೆಯಿಂದ ಹೊರಗೆ ಕಣ್ಣು ಹಾಯಿಸಿ ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿತು.

ಅಮ್ಮ ಬಂದ ಮನೆಯ ರೀತಿಯಲ್ಲಿ ನನಗೆ ಇಷ್ಟವಾಗುವುದು ಅದರೊಳಗಿದ್ದ ಗೌರವ. ರೋಗಿಯನ್ನು ಯಾರೂ ಹೊಲಸು ಎನ್ನಲಿಲ್ಲ. ಮೈಮೇಲೆ ದೇವತೆ ಬಂದಿರುವ ಮಗುವದು. ಅದಕ್ಕೆ ಶಾಂತಿ ಬೇಕು, ತಂಪು ಬೇಕು, ಆದ್ದರಿಂದ ದೂರವಿರೋಣ ಎಂಬ ಭಾವ ಅಲ್ಲಿತ್ತು. ಆದರೆ ಇದೇ ಮಣ್ಣು ಇನ್ನೊಂದು ಬಗೆಯ ದೂರವನ್ನೂ ಸಾಕಿದೆ. ಹುಟ್ಟಿನ ಕಾರಣಕ್ಕೆ ಮನುಷ್ಯರನ್ನು ಊರ ಹೊರಗಿಟ್ಟ ದೂರ ಅದು. ಅದರ ವಿರುದ್ಧ ಶರಣರು ಎದ್ದು ನಿಂತ ಕಲ್ಯಾಣ ಈ ಜೀಡಿಮೆಟ್ಲಾದಿಂದ ಅರ್ಧ ದಿನದ ಹಾದಿ. ಕೊರೊನಾ ಬಂದಾಗ ಎರಡನೆಯ ಬಗೆಯ ದೂರ ಎಷ್ಟು ಬೇಗ ಹೊರಬಂತು! ಆಸ್ಪತ್ರೆಯಿಂದ ದಣಿದು ಬಂದ ದಾದಿಯರಿಗೆ, ವೈದ್ಯರಿಗೆ ಬಾಡಿಗೆ ಮನೆ ಖಾಲಿ ಮಾಡಿ ಎಂದರು. ಸತ್ತವರ ಅಂತ್ಯಕ್ರಿಯೆಗೆ ಅಡ್ಡ ನಿಂತರು. ಮನೆಗೆಲಸದ ಹೆಂಗಸಿಗೆ ಲಿಫ್ಟಿನ ಬಾಗಿಲು ಮುಚ್ಚಿದವರು ತಾವು ಮಾತ್ರ ಮಾಸ್ಕ್ ಇಲ್ಲದೆ ಹುಟ್ಟುಹಬ್ಬದ ಕೂಟ ನಡೆಸಿದರು. 1897ರ ಹಳೆಯ ಸಾಂಕ್ರಾಮಿಕ ರೋಗಗಳ ಕಾಯಿದೆಗೆ 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯ ತಿದ್ದುಪಡಿ ತಂದು ಆರೋಗ್ಯ ಸಿಬ್ಬಂದಿಯನ್ನು ಹೊಡೆಯುವವರಿಗೆ ಜೈಲು ಎಂದು ಬರೆಯಬೇಕಾಯಿತು. ನಾಡಿಗೆ ನಾಚಿಕೆಯಾಗಬೇಕಾದ ಸಾಲುಗಳವು.

ನನಗೆ ಜ್ವರ ಇದೆ, ನಾನು ಬರುವುದಿಲ್ಲ ಎಂದು ಹೇಳುವವನು ತನ್ನನ್ನು ತಾನು ತಡೆದುಕೊಳ್ಳುತ್ತಾನೆ. ನಿನಗೆ ಜ್ವರ ಇರಬಹುದು, ನೀನು ಬರಕೂಡದು ಎನ್ನುವವನು ಇನ್ನೊಬ್ಬನನ್ನು ತಳ್ಳುತ್ತಾನೆ. ಮೊದಲನೆಯವನಿಗೆ ತನ್ನಿಂದ ಯಾರಿಗೆ ನೋವಾದೀತು ಎಂಬ ಚಿಂತೆ. ಎರಡನೆಯವನಿಗೆ ತನಗೆ ಯಾರಿಂದ ನೋವಾದೀತು ಎಂಬುದೊಂದೇ. ಹಬ್ಬದ ದಿನಗಳಲ್ಲಿ ನಮ್ಮ ಎಚ್ಚರಿಕೆಗಳೆಲ್ಲ ಎರಡನೆಯ ಬಗೆಯವು. ಗುಂಪಿನಿಂದ ದೂರವಿರಿ, ಅವರಿಂದ ದೂರವಿರಿ, ಇವರನ್ನು ಮುಟ್ಟಬೇಡಿ. ನಾನೇ ಆ ಗುಂಪಿನ ಒಬ್ಬ, ನನ್ನ ಉಸಿರಿನಲ್ಲೇ ಅದು ಇರಬಹುದು ಎಂದು ಯೋಚಿಸಲು ನಮಗೆ ಯಾರೂ ಕಲಿಸಿಲ್ಲ. ಲಕ್ಷಣ ಕಾಣುವ ಮೊದಲೇ ಹರಡುವ ವೈರಾಣುವಿನ ಎದುರು ಈ ಮೊದಲನೆಯ ಬಗೆಯ ಯೋಚನೆ ಒಂದೇ ಪ್ರಾಮಾಣಿಕವಾದದ್ದು.

ಆದರೆ ಬರುವುದಿಲ್ಲ ಎಂದು ಹೇಳುವ ಶಕ್ತಿ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ಮಾಧಾಪುರದ ಸಾಫ್ಟ್‌ವೇರ್ ಕಚೇರಿಯವರು ಜ್ವರ ಬಂದರೆ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಒಂದು ಇಮೇಲ್ ಕಳಿಸುತ್ತಾರೆ, ಟಿಕೆಟ್ ರದ್ದು ಮಾಡಿ ಮುಂದಿನ ವಾರಕ್ಕೆ ತೆಗೆಸುತ್ತಾರೆ. ಜೀಡಿಮೆಟ್ಲಾದ ಗುತ್ತಿಗೆ ಕೂಲಿಕಾರ ಏನು ಮಾಡಬೇಕು? ಅವನಿಗೆ ಹಬ್ಬಕ್ಕೆಂದು ಸಿಗುವುದೇ ಎರಡೋ ಮೂರೋ ದಿನ. ಆ ದಿನ ತಪ್ಪಿದರೆ ಮುಂದಿನ ವಾರ ರಜೆ ಇಲ್ಲ. ಜ್ವರವೆಂದು ಹಬ್ಬಕ್ಕೆ ಮುಂಚೆಯೇ ಮಲಗಿದರೆ ಆ ದಿನಗಳ ಕೂಲಿ ಇಲ್ಲ, ಹಬ್ಬದ ಖರ್ಚಿಗೆ ಹಣವಿಲ್ಲ. ಅವನು ಕೆಮ್ಮುತ್ತಲೇ ಪಾಳಿ ಮುಗಿಸುತ್ತಾನೆ, ಪಕ್ಕದವನಿಗೆ ಕೊಟ್ಟು ಬಸ್ಸು ಹತ್ತುತ್ತಾನೆ.

ಇಲ್ಲಿ ಒಂದು ಸಣ್ಣ ನಿಯಮದ ಬಗ್ಗೆ ಹೇಳಲೇಬೇಕು. ಕಾರ್ಮಿಕರ ಕಾಯಿಲೆಗೆಂದೇ ನಮ್ಮಲ್ಲಿ ಇಎಸ್‌ಐ ಇದೆ. ಜೀಡಿಮೆಟ್ಲಾದವರಿಗೆ ಸನತ್‌ನಗರದ ಇಎಸ್‌ಐ ಆಸ್ಪತ್ರೆ ದೂರವೂ ಅಲ್ಲ. ಸಂಬಳದಲ್ಲಿ ಶೇ 0.75 ಕಾರ್ಮಿಕನದು, ಶೇ 3.25 ಮಾಲೀಕನದು ಅದಕ್ಕೆ ಹೋಗುತ್ತದೆ. ಕಾಯಿಲೆ ಬಿದ್ದರೆ ಸಂಬಳದ ಶೇ 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ಕೊಡುತ್ತಾರೆ. ಬಡವರಿಗಾಗಿ ಸ್ವತಂತ್ರ ಭಾರತ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ. ಆದರೆ ಇಎಸ್‌ಐ ನಿಯಮಗಳೊಳಗೆ ಒಂದು ಮಾತಿದೆ: ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣವಿಲ್ಲ. ಹಿಂದಿನ ಕಾಯಿಲೆ ಮುಗಿದು ಹದಿನೈದು ದಿನದೊಳಗೆ ಮತ್ತೆ ಬಿದ್ದರಷ್ಟೇ ಅದಕ್ಕೆ ವಿನಾಯಿತಿ. ಸುಳ್ಳು ಹೇಳಿ ಒಂದೆರಡು ದಿನ ಮಲಗುವವರನ್ನು ತಡೆಯಲು ಇಂಥ ನಿಯಮಗಳು ಹುಟ್ಟುತ್ತವೆ. ಅಂಟುಜ್ವರದ ಲೆಕ್ಕದಲ್ಲಿ ಮಾತ್ರ ಇದು ತಲೆಕೆಳಗಾಗಿದೆ. ಒಬ್ಬ ಮನುಷ್ಯ ತನ್ನ ಜೊತೆಯವರಿಗೆ ಅತಿ ಹೆಚ್ಚು ಅಪಾಯಕಾರಿಯಾಗಿರುವುದು ಮೊದಲ ಎರಡು ಮೂರು ದಿನ. ಅವನನ್ನು ಕೆಲಸದಿಂದ ದೂರವಿಡಲು ಸಮಾಜ ಹಣ ಕೊಡದಿರುವುದೂ ಮೊದಲ ಎರಡು ದಿನ. ಸುಳ್ಳು ಜ್ವರ ಹೇಳುವವನ ಭಯಕ್ಕೆ ಮಾಡಿದ ನಿಯಮ ನಿಜವಾದ ಜ್ವರವನ್ನು ಮುಚ್ಚಿಡುವವನನ್ನು ತಯಾರು ಮಾಡುತ್ತದೆ. ಗುತ್ತಿಗೆದಾರನ ಕೈಕೆಳಗೆ ಇಎಸ್‌ಐ ಸಂಖ್ಯೆಯೂ ಇಲ್ಲದೆ ದುಡಿಯುವವರ ಮಾತಂತೂ ಹೇಳುವುದೇ ಬೇಡ.

ಲಾಕ್‌ಡೌನ್ ದಿನಗಳಲ್ಲಿ ಈ ಸತ್ಯ ಎಲ್ಲರ ಕಣ್ಣೆದುರು ನಿಂತಿತ್ತು. 2020ರ ಮೇ 1, ಕಾರ್ಮಿಕರ ದಿನದಂದು, ವಲಸೆ ಕಾರ್ಮಿಕರಿಗಾಗಿ ದೇಶದ ಮೊದಲ ವಿಶೇಷ ರೈಲು ಹೊರಟದ್ದು ಇದೇ ನಗರದ ಲಿಂಗಂಪಲ್ಲಿಯಿಂದ, ಜಾರ್ಖಂಡಿನ ಹಟಿಯಾಗೆ. ಸುಮಾರು 1,200 ಜನ ಹತ್ತಿದ್ದರು. ಅದಕ್ಕೆ ಮೊದಲು ಐದು ವಾರ ಇರುವಲ್ಲೇ ಇರಿ ಎಂದು ಅವರಿಗೆ ಹೇಳಲಾಗಿತ್ತು. ಇರುವುದಕ್ಕೆ ಕೋಣೆ, ಉಣ್ಣುವುದಕ್ಕೆ ಅನ್ನ, ಕೈಗೆ ಕೂಲಿ ಇಲ್ಲದವರಿಗೆ ಇರು ಎಂಬ ಬುದ್ಧಿಮಾತು ಶಿಕ್ಷೆಯಂತೆ ಕೇಳಿಸುತ್ತದೆ. ಹಬ್ಬದ ಕಾಲದ ನಮ್ಮ ಪುಟ್ಟ ಬುದ್ಧಿಮಾತುಗಳೂ ಅದೇ ಸಾಲಿಗೆ ಸೇರದಿರಬೇಕಾದರೆ ಅವುಗಳ ಜೊತೆಗೆ ಯಾರಾದರೂ ಏನಾದರೂ ಕೊಡಬೇಕು.

ಕೊಡಬೇಕಾದವರಲ್ಲಿ ಮೊದಲಿಗ ಮಾಲೀಕ. ಸಂಕ್ರಾಂತಿಗೆ ಹದಿನೈದು ದಿನ ಮುಂಚೆ ಗೇಟಿನ ಫಲಕದ ಮೇಲೆ ತೆಲುಗು, ಹಿಂದಿ, ಒಡಿಯಾ, ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಖರ್ಚಿಲ್ಲ: ಜ್ವರ ಬಂದರೆ ಹೇಳಿ, ಮೊದಲೆರಡು ದಿನದ ಕೂಲಿ ಕಾರ್ಖಾನೆ ಕೊಡುತ್ತದೆ, ಹಬ್ಬದ ರಜೆ ತಪ್ಪಿದರೆ ವಾಸಿಯಾದ ಮೇಲೆ ತೆಗೆದುಕೊಳ್ಳಬಹುದು. ಒಬ್ಬನಿಗೆ ಎರಡು ದಿನದ ಕೂಲಿ ಕೊಡುವುದೋ, ಅವನಿಂದ ಹತ್ತು ಜನಕ್ಕೆ ಹರಡಿ ಒಂದು ಪಾಳಿಯೇ ನಿಲ್ಲುವುದೋ ಎಂಬ ಲೆಕ್ಕ ಯಾವ ವ್ಯಾಪಾರಿಗೂ ಕಷ್ಟವಲ್ಲ. ಮೊದಲೆರಡು ದಿನಕ್ಕೆ ಹಣವಿಲ್ಲ ಎಂಬುದನ್ನು ಅಂಟುಜ್ವರದ ಮಟ್ಟಿಗಾದರೂ ಬಿಡಬೇಕೆಂದು ಕಾರ್ಮಿಕ ಸಂಘಗಳು ಕೇಳಬೇಕು. ಸಂಬಳ ಹೆಚ್ಚಳದಷ್ಟೇ ಗಟ್ಟಿಯಾಗಿ ಕೇಳಬೇಕು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳು ಹೈದರಾಬಾದಿನ ಕನ್ನಡಿಗರನ್ನು ಬಹಳ ಕಾಲದಿಂದ ಒಂದೆಡೆ ಕೂಡಿಸಿವೆ. ಹಬ್ಬಕ್ಕೆ ಊರಿಗೆ ಹೋಗಲಾರದೆ ಜ್ವರ ಹಿಡಿದು ಕೋಣೆಯಲ್ಲಿ ಮಲಗಿದ ನಮ್ಮವನೊಬ್ಬನ ಬಾಗಿಲಿಗೆ ಒಂದು ಬುತ್ತಿ, ಒಂದು ಥರ್ಮಾಮೀಟರು ತಲುಪಿಸುವುದು ನಮ್ಮಂಥ ಇಲ್ಲಿನ ಕನ್ನಡಿಗರಿಗೆ ಆಗದ ಕೆಲಸವಲ್ಲ.

ಇನ್ನುಳಿದದ್ದು ಆ ತಾಯಿ. ಅವಳಿಗೆ ಉಪದೇಶ ಮಾಡಲು ನನಗೆ ಮನಸ್ಸಿಲ್ಲ. ಆದರೆ ಅವಳೊಬ್ಬಳೇ ಮಗನಿಗೆ ಕೊಡಬಲ್ಲ ಒಂದು ಅಪ್ಪಣೆಯಿದೆ. ಯಾವ ಕಾಯಿದೆಯೂ, ಯಾವ ಮಾಲೀಕನೂ ಕೊಡಲಾರದ್ದು. ಕೆಲವು ಮನೆಗಳಲ್ಲಿ ತಾಯಂದಿರು ಅದನ್ನು ಕೊಡಲು ಶುರುಮಾಡಿದ್ದಾರೆ ಎಂಬುದನ್ನು ನಾನು ಕೇಳಿದ್ದೇನೆ. ಅಮಾವಾಸ್ಯೆಯ ಪೂಜೆ ಅಮಾವಾಸ್ಯೆಗೇ ಆಗುತ್ತದೆ. ಪಕ್ಕದ ಹೊಲದ ಹುಡುಗ ಬಂದು ಚರಗ ಚೆಲ್ಲಿಕೊಡುತ್ತಾನೆ. “ಹಂಗಾರ ಈಗ ಬರಬ್ಯಾಡ. ಆರಾಮ ಮಾಡ್ಕೊ, ನೀರು ಕುಡಿ, ನಿಮ್ಮಪ್ಪಗ ನಾ ಹೇಳ್ತೀನಿ. ಮುಂದಿನ ಐತಾರ ಬಾ, ಭಜ್ಜಿ ಆವಾಗ ಮತ್ತ ಮಾಡ್ತೀನಿ.” ಆ ಮುಂದಿನ ಭಾನುವಾರ ಅವನಿಗೆ ರಜೆ ಸಿಗುತ್ತದೆಯೇ ಎಂಬುದಕ್ಕೆ ಉತ್ತರ ಜೀಡಿಮೆಟ್ಲಾದ ಗೇಟಿನೊಳಗೆ ಇರುವವರು ಹೇಳಬೇಕು.